ಶಿವಯೋಗಪ್ಪನವರ ಹದಿನಾಲ್ಕು ಹೆಜ್ಜೆ

ಶಿವಯೋಗಪ್ಪನವರು ನಡೆಯುತ್ತಿರುವಾಗ ಮಾತನಾಡಿಸಬಾರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ನಮ್ಮ ಬಡಾವಣೆಗೆ ಹಾಲು ಹಾಕುವವನಿಂದ ಹಿಡಿದು ಕಸದ ಗಾಡಿಯವನವರೆಗೆ ಎಲ್ಲರಿಗೂ ಗೊತ್ತು. ತಲೆ ತಗ್ಗಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದೊಂದು ಹೆಜ್ಜೆಯನ್ನೂ ಸಸಿ ನೆಟ್ಟ ಹಾಗೆ ನೆಲಕ್ಕೆ ಊರಿ ಅವರು ಹೋಗುತ್ತಿದ್ದರೆ ತುಟಿ ಸಣ್ಣಗೆ ಅಲುಗುತ್ತಿರುತ್ತದೆ. ಜಪವೆಂದುಕೊಂಡು ದೂರದಿಂದಲೇ ಕೈಮುಗಿದ ಹೊಸ ಬಾಡಿಗೆದಾರರೂ ಇದ್ದಾರೆ. ಅದು ಜಪವಲ್ಲ, ಎಣಿಕೆ, ಅದೂ ತಮಿಳಿನಲ್ಲಿ. ಒಣ್ಣು, ರೆಂಡು, ಮೂಣು, ನಾಲು. ನಡುವೆ ಯಾರಾದರೂ "ನಮಸ್ಕಾರ ಸಾರ್" ಅಂದರೆ ಕೆಟ್ಟಿತು. ನಿಂತು, ಅಂದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮರುಮಾತಿಲ್ಲದೆ ಹೊರಟ ಜಾಗಕ್ಕೇ ಹಿಂತಿರುಗಿ ಒಣ್ಣಿನಿಂದ ಶುರುಮಾಡುತ್ತಾರೆ.

ಹುಟ್ಟಿದ್ದು ಶಿಕಾರಿಪುರದ ಕಡೆಯ ಒಕ್ಕಲು ಮನೆಯಲ್ಲಿ. ಹತ್ತೊಂಬತ್ತಕ್ಕೆ ಭದ್ರಾವತಿಗೆ ಬಂದು ಕಾರ್ಖಾನೆಯ ನೀರಿನ ವಿಭಾಗಕ್ಕೆ ಸೇರಿದವರು. ನ್ಯೂ ಟೌನಿನ ಸಾಲುಸಾಲು ವಸತಿಗೃಹಗಳಿಗೆ ನೀರು ಬಿಡುವುದು, ಕಟ್ಟುವುದು, ನೆಲದಡಿಯ ವಾಲ್ವುಗಳನ್ನು ಕಾಯುವುದು ಅವರ ಕೆಲಸ. ಅಲ್ಲಿ ಅವರಿಗೆ ಗುರುವಾದವನು ಮುನುಸಾಮಿ ಮೇಸ್ತ್ರಿ. ಓದು ಬರಹ ಅರಿಯದ ಮನುಷ್ಯ. ಇಡೀ ನ್ಯೂ ಟೌನಿನ ಪೈಪುಗಳನ್ನು ಹೆಜ್ಜೆಯ ಲೆಕ್ಕದಲ್ಲಿ ತಲೆಯೊಳಗೆ ತುಂಬಿಕೊಂಡಿದ್ದ. ಯಾವ ಮನೆಯ ಹೊಸ್ತಿಲಿಂದ ಎಷ್ಟು ಹೆಜ್ಜೆಗೆ ಯಾವ ವಾಲ್ವು ಎಂದು ಕಲಿಸುವಾಗ ಅವನು ಎಣಿಸಿದ್ದು ಅವನ ಭಾಷೆಯಲ್ಲಿ. ಶಿಷ್ಯ ವಿದ್ಯೆಯನ್ನು ಭಾಷೆಸಮೇತ ನುಂಗಿದರು. ತಮಿಳಿನಲ್ಲಿ ಊಟ ಕೇಳಲೂ ಬಾರದ ಶಿವಯೋಗಪ್ಪನವರಿಗೆ ಇಂದಿಗೂ ಹೆಜ್ಜೆಗಳು ಮಾತ್ರ ತಮಿಳಿನವು.

"ಟೇಪ್ ಇಟ್ಕೊಳ್ಳಿ ಸಾರ್" ಎಂದು ಯಾರಾದರೂ ಅಂದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು. "ಟೇಪ್ ಮನೇಲಿ ಮರೆತು ಬರಬಹುದು ಮಾರಾಯ. ಕಾಲು ಮರೆತು ಬರೋಕಾಗುತ್ತಾ?"

ಇಪ್ಪತ್ತೆರಡು ವರ್ಷದ ಹಿಂದೆ ಸ್ವಯಂ ನಿವೃತ್ತಿ ಪಡೆದು ಶಿವಮೊಗ್ಗದ ಅಂಚಿನ ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಇಲ್ಲಿದ್ದದ್ದು ಏಳೋ ಎಂಟೋ ಮನೆ, ಉಳಿದದ್ದೆಲ್ಲ ಲಂಟಾನ. ಆಗಷ್ಟೇ ಪೈಪು ಹಾಕುತ್ತಿದ್ದರು. ಕಾರ್ಖಾನೆಯವರು ಕೊಟ್ಟಿದ್ದ ಮಂದ ಖಾಕಿ ಕೋಟನ್ನು ಬಿಸಿಲಲ್ಲೂ ಬಿಚ್ಚದೆ, ಅದರ ಜೇಬಿನಲ್ಲಿ ಸುಣ್ಣದ ಕಡ್ಡಿ ಇಟ್ಟುಕೊಂಡು, ಅವರು ಬೆಳಗಿನಿಂದ ಸಂಜೆಯವರೆಗೆ ಪೈಪಿಗೆಂದು ತೋಡಿದ ಕಾಲುವೆಯ ದಂಡೆಯ ಮೇಲೆ ನಿಂತಿರುತ್ತಿದ್ದರು. ಗುತ್ತಿಗೆದಾರ ಕೆಲಸ ಮುಗಿಸಿ, ನಕ್ಷೆ ಕೊಡುತ್ತೇನೆಂದು ಹೋದವನು ಆ ಕಡೆಗೇ ಹೋದ. ಹನ್ನೊಂದು ವಾಲ್ವುಗಳು ಎಲ್ಲಿವೆ ಎಂಬುದು ಭೂಮಿತಾಯಿಗೆ ಬಿಟ್ಟರೆ ಶಿವಯೋಗಪ್ಪನವರೊಬ್ಬರಿಗೇ ಗೊತ್ತು. ನಿವಾಸಿಗಳ ಸಂಘ ಹುಟ್ಟಿತು, ಅಧ್ಯಕ್ಷರು ಬಂದರು, ಹೋದರು. ಬೋರ್ಡಿನ ಮೇಲೆ ಒಮ್ಮೆಯೂ ಹೆಸರು ಬರೆಸಿಕೊಳ್ಳದ ಇವರು ಮಾತ್ರ ಪ್ರತಿ ಸಭೆಯಲ್ಲೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಟು ತೊಟ್ಟು ಕುಳಿತಿರುತ್ತಿದ್ದರು. ನೀರಿನ ಮಾತು ಬಂದೊಡನೆ ಎಲ್ಲ ತಲೆಗಳೂ ಬಾಗಿಲ ಕಡೆ ತಿರುಗುತ್ತಿದ್ದವು. ಅವರಿಗೆ ಬೇಕಾಗಿದ್ದುದು ಅಷ್ಟೇ ಎಂದು ಕಾಣುತ್ತದೆ.

ಕಳೆದ ಚಳಿಗಾಲದಲ್ಲಿ ಮೂರನೇ ತಿರುವಿನ ಮನೆಗಳ ನೀರು ವಾಸನೆ ಹೊಡೆಯತೊಡಗಿತು. ಎಲ್ಲೋ ಪೈಪು ಬಿರುಕು ಬಿಟ್ಟು ಚರಂಡಿಯ ನೀರು ಸೇರುತ್ತಿದೆ. ಆ ತಿರುವಿನ ವಾಲ್ವನ್ನು ಕಟ್ಟಿದರೆ ದುರಸ್ತಿ ಸುಲಭ, ಉಳಿದ ಮನೆಗಳಿಗೆ ತೊಂದರೆಯಿಲ್ಲ. ಆದರೆ ಹನ್ನೊಂದರಲ್ಲಿ ಅದೊಂದನ್ನೇ ಬಹಳ ವರ್ಷಗಳಿಂದ ಯಾರೂ ತೆರೆದಿರಲಿಲ್ಲ. ಎರಡು ಸಲ ಡಾಂಬರು ಬಿದ್ದು ಮುಚ್ಚಳ ರಸ್ತೆಯೊಳಗೆ ಹೂತುಹೋಗಿತ್ತು.

"ಮೋರಿಕಲ್ಲಿಂದ ಮೂಡಲಿಗೆ ಹದಿನಾಲ್ಕು" ಎಂದರು ಶಿವಯೋಗಪ್ಪ, ಕಣ್ಣು ಮಿಟುಕಿಸದೆ. ಮೋರಿಯ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು, ಎಣಿಸಿ, ನಿಂತ ಕಡೆ ಸುಣ್ಣದಿಂದ ಗುರುತು ಹಾಕಿದರು. ಪ್ಲಂಬರ್ ಕೆಂಚಪ್ಪ ಸೊಂಟದುದ್ದ ಅಗೆದ. ಮಣ್ಣು. ಎಡಕ್ಕೊಂದು ಅಗೆದ. ಮಣ್ಣು. ಬಲಕ್ಕೊಂದು ಅಗೆದಾಗ ಹಳೆಯ ಚಪ್ಪಲಿಯೊಂದು ಸಿಕ್ಕಿತು.

ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಯಿಟ್ಟಿರುವ ರುದ್ರೇಶ್ ಸಂಘದ ಉಪಾಧ್ಯಕ್ಷ. ಮನುಷ್ಯ ಕೆಟ್ಟವನಲ್ಲ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಭಾನುವಾರದ ಸಭೆಯಲ್ಲಿ ಎದ್ದು ನಿಂತ.

"ಯಜಮಾನ್ರೇ, ಮೂರು ಹೊಂಡ ಆಯ್ತು. ಇನ್ನೊಂದೆರಡು ತೋಡಿಸಿದ್ರೆ ಎಮ್ಮೆ ಇಳಿಸಬಹುದು. ಅಲ್ಲಿ ವಾಲ್ವ್ ಇದೆ ಅಂತ ಕನಸಲ್ಲಿ ಕಂಡಿದ್ರಾ?"

ನಗು ಎದ್ದಿತು. ಇಪ್ಪತ್ತೆರಡು ವರ್ಷಗಳಲ್ಲಿ ಆ ಕೋಣೆ ಶಿವಯೋಗಪ್ಪನವರನ್ನು ನೋಡಿ ನಕ್ಕದ್ದು ಅದೇ ಮೊದಲು.

"ನಾನು ನಿಂತು ಹಾಕ್ಸಿದ್ದಯ್ಯ ಅದು. ಕಬ್ಬಿಣ ಎದ್ದು ಓಡಿಹೋಗುತ್ತಾ?"

"ಓಡಿಲ್ಲ ಅಂದ್ರೆ ತೋರ್ಸಿ ಮತ್ತೆ! ಇಲ್ದಿದ್ರೆ ಜೆಸಿಬಿ ತರ್ಸೋಣ, ಇಡೀ ರಸ್ತೆ ಎಬ್ಬಿಸಲಿ. ಎಂಟು ದಿನ ಎಲ್ಲರ ನೀರೂ ಬಂದ್."

ಸಂಘದ ಅಧ್ಯಕ್ಷೆ ವಿದ್ಯಾಶ್ರೀ, ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಇಬ್ಬರನ್ನೂ ಸುಮ್ಮನಿರಿಸಿದರು. ಶಿವಯೋಗಪ್ಪನವರು ಎರಡು ದಿನದ ಗಡುವು ಕೇಳಿದರು. ವಿದ್ಯಾಶ್ರೀ ಒಪ್ಪಿದರು, ಆದರೆ ಒಪ್ಪುವಾಗ ಅವರ ಮುಖದಲ್ಲಿದ್ದದ್ದು ನಂಬಿಕೆಯಲ್ಲ, ಮರ್ಯಾದೆ. ಆ ವ್ಯತ್ಯಾಸ ಶಿವಯೋಗಪ್ಪನವರಿಗೆ ತಿಳಿಯದೆ ಹೋಗಲಿಲ್ಲ. ನಕ್ಷೆ ಇರುವ ತಲೆಯೇ ಹಾಳಾಗಿದ್ದರೆ ತಾವು ಆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಾಕೆ ಕೂರಬೇಕು?

ಮನೆಗೆ ಬರುವಾಗ ಹೆಂಡತಿ ಕಲ್ಲಮ್ಮ ಜೊತೆಗಿದ್ದರು. ಅರ್ಧ ದಾರಿಗೆ ಬಂದಾಗ ಕಲ್ಲಮ್ಮ, ಯಾವುದೋ ಸಣ್ಣ ಸಂಗತಿ ಹೇಳುವವರ ಹಾಗೆ ಅಂದರು:

"ರೀ, ಮದುವೆ ಆದ ಹೊಸದ್ರಲ್ಲಿ ನಿಮ್ಮ ಹಿಂದೆ ನಾನು ಓಡ್ಬೇಕಿತ್ತು. ಸೀರೆ ನೆರಿಗೆ ಹಿಡ್ಕೊಂಡು ಓಡಿದ್ರೂ ನೀವು ಸಿಗ್ತಿರ್ಲಿಲ್ಲ."

"ಅದಕ್ಕೇನೀಗ?"

"ಈಗ ನಾನು ನಿಧಾನ ಮಾಡ್ಬೇಕು. ಎಷ್ಟೋ ವರ್ಷ ಆಯ್ತು, ನಾನು ನಿಧಾನ ಮಾಡಿಯೇ ನಡೀತಿದೀನಿ."

ಶಿವಯೋಗಪ್ಪನವರು ನಿಂತರು. ಕೋಪ ಬಂದಿತ್ತು. ಆದರೆ ಆ ಕೋಪದ ಅಡಿಯಲ್ಲಿ, ಡಾಂಬರಿನ ಕೆಳಗಿನ ಮುಚ್ಚಳದಂತೆ, ಇನ್ನೇನೋ ಒಂದು ಗಟ್ಟಿಯಾಗಿ ಕಾಲಿಗೆ ತಾಗಿತು. ಉಳಿದ ಹತ್ತು ವಾಲ್ವುಗಳ ಎಣಿಕೆ ಇಂದಿಗೂ ತಪ್ಪಿರಲಿಲ್ಲ ನಿಜ. ಅವುಗಳ ಮುಚ್ಚಳ ದೂರದಿಂದಲೇ ಕಾಣುತ್ತಿತ್ತು ಎಂಬುದೂ ನಿಜ. ಕಣ್ಣಿಗೆ ಮುಚ್ಚಳ ಬಿದ್ದ ಕೂಡಲೇ ಕಾಲು ತನಗೆ ತಾನೇ ಕೊನೆಯ ಹೆಜ್ಜೆಗಳನ್ನು ಎಳೆದು ಲೆಕ್ಕ ಸರಿಮಾಡಿಕೊಳ್ಳುತ್ತಿತ್ತೇನೋ. ಕಾಣದ ವಾಲ್ವಿನ ಮುಂದೆ ಮಾತ್ರ ಅದರ ಆಟ ನಡೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೋಟು ತೊಟ್ಟು ಬಸ್ ಸ್ಟ್ಯಾಂಡಿಗೆ ಹೊರಟರು. "ಎಲ್ಲಿಗೆ?" ಎಂದರೆ "ಭದ್ರಾವತಿ" ಎಂದರು. "ಏನಕ್ಕೆ?" ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿದ್ದರು. ಕಲ್ಲಮ್ಮ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟರು.

ನ್ಯೂ ಟೌನಿನಲ್ಲಿ ಅವರಿದ್ದ ಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಅಂಗಳದಲ್ಲಿ ಮೊಳಕಾಲೆತ್ತರದ ಹುಲ್ಲು, ಕಿಟಕಿಯಲ್ಲಿ ಅಳಿಲಿನ ಸಂಸಾರ. ಆದರೆ ಹೊಸ್ತಿಲ ಮುಂದಿನ ಮೆಟ್ಟಿಲುಗಲ್ಲು ಇದ್ದಲ್ಲೇ ಇತ್ತು. ಎದುರಿನ ರಸ್ತೆಯ ಅಂಚಿನಲ್ಲಿ ಮುನುಸಾಮಿ ಮೇಸ್ತ್ರಿ ಮೊದಲ ಪಾಠ ಹೇಳಿದ ವಾಲ್ವಿನ ಕಬ್ಬಿಣದ ಮುಚ್ಚಳವೂ ಇದ್ದಲ್ಲೇ ಇತ್ತು. ಆ ಮೆಟ್ಟಿಲಿನಿಂದ ಆ ಮುಚ್ಚಳಕ್ಕೆ ಇಪ್ಪತ್ತು ಹೆಜ್ಜೆ. ಮೂವತ್ತಮೂರು ವರ್ಷ ದಿನವೂ ನಡೆದ ಇಪ್ಪತ್ತು. ಅದರಲ್ಲಿ ಅನುಮಾನವೆಂಬುದಿಲ್ಲ.

ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತರು. ಈ ಸಲ ಕಣ್ಣನ್ನು ಕಾರ್ಖಾನೆಯ ಚಿಮಣಿಯ ಕಡೆ ನೆಟ್ಟು, ಕೆಳಗೆ ನೋಡದೆ ಎಣಿಸಿದರು. ಇರುವದು, ಅಂದರೆ ಇಪ್ಪತ್ತಕ್ಕೆ ನಿಂತು ತಲೆ ತಗ್ಗಿಸಿದರೆ ಕಾಲಡಿ ಹುಲ್ಲು. ಮುಚ್ಚಳ ಇನ್ನೂ ಮುಂದೆ, ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದರು. ಮೂರನೆಯ ಸಲ ಇಪ್ಪತ್ತಕ್ಕೆ ನಿಲ್ಲದೆ ಮುಚ್ಚಳದವರೆಗೂ ಎಣಿಸಿದರು.

ಮೆಟ್ಟಿಲ ಮೇಲೆ ಕುಳಿತಿದ್ದ ಕಲ್ಲಮ್ಮ ಕೇಳಿದರು. "ಎಷ್ಟಾಯ್ತು?"

"ಇಪ್ಪತ್ನಾಲ್ಕು."

ನಾನು ಹೇಳಿರಲಿಲ್ಲವೇ ಎಂದು ಕಲ್ಲಮ್ಮ ಅನ್ನಲಿಲ್ಲ. ಗಂಡ ಆ ಮುಚ್ಚಳದ ಮೇಲೆಯೇ ಕುಳಿತು ತಮ್ಮ ಎರಡು ಪಾದಗಳನ್ನು, ಯಾರೋ ಪರವೂರಿನ ನೆಂಟರನ್ನು ನೋಡುವಂತೆ, ಬಹಳ ಹೊತ್ತು ನೋಡಿದ್ದನ್ನು ಕಂಡರು, ಆಮೇಲೆ ಹತ್ತಿರ ಬಂದು, "ಏಳಿ, ಸರ್ಕಲ್ ಹತ್ರ ಕಾಫಿ ಕುಡಿಯೋಣ. ಬಸ್ಸಿಗಿನ್ನೂ ಹೊತ್ತಿದೆ" ಎಂದರು. ಬಸ್ಸಿನಲ್ಲಿ ಶಿವಯೋಗಪ್ಪನವರು ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಏನೋ ಗುಣಿಸುತ್ತ, ಭಾಗಿಸುತ್ತ ಕುಳಿತಿದ್ದರು. ಇಪ್ಪತ್ತು ಇಪ್ಪತ್ನಾಲ್ಕಾದರೆ ಹದಿನಾಲ್ಕು ಎಷ್ಟಾಯಿತು? ಶಿವಮೊಗ್ಗ ಬರುವ ಹೊತ್ತಿಗೆ ಉತ್ತರ ಸಿಕ್ಕಿತ್ತು: ಹದಿನೇಳಕ್ಕೆ ಅರ್ಧ ಗೇಣು ಕಡಿಮೆ.

ಮಂಗಳವಾರ ಬೆಳಿಗ್ಗೆ ಮೂರನೇ ತಿರುವಿನಲ್ಲಿ ಜನ ನೆರೆದಿದ್ದರು. ಅಂಗಡಿಗೆ ಹೊರಟಿದ್ದ ರುದ್ರೇಶ್ ಸ್ಕೂಟರಿನ ಮೇಲೆ ಕುಳಿತಂತೆಯೇ ನಿಂತಿದ್ದ. ಶಿವಯೋಗಪ್ಪನವರು ಎಣಿಸಿಕೊಂಡು ಮೂರು ಹೊಂಡಗಳನ್ನೂ ಬಳಸಿ, ದಾಟಿ, ಇನ್ನೂ ಮುಂದೆ ಹೋಗಿ ಸುಣ್ಣದ ಗುರುತು ಹಾಕಿದಾಗ ಯಾರೋ ಕೆಮ್ಮಿದರು.

"ಇನ್ನೂ ಆ ಕಡೆಗಾ?" ರುದ್ರೇಶನ ದನಿ. "ಸ್ವಲ್ಪ ಬಿಟ್ರೆ ಸಕ್ರೆಬೈಲಿನ ಆನೆ ಬಿಡಾರದವರೆಗೂ ಹೋಗ್ತಾರೆ ನೋಡಿ!"

"ಕೆಂಚಪ್ಪ, ಅಗಿ" ಎಂದಷ್ಟೇ ಅಂದರು.

ಗುದ್ದಲಿ ಹತ್ತು ಹನ್ನೆರಡು ಸಲ ಎದ್ದು ಬಿದ್ದಿರಬಹುದು. ಠಣ್ ಎಂದಿತು. ಕೆಂಚಪ್ಪ ಕೈಯಿಂದ ಮಣ್ಣು ಬಳಿದು, "ಸಿಕ್ತು ಅಣ್ಣೋ! ಸರಿಯಾಗಿ ನಡುಮಧ್ಯಕ್ಕೇ ಬಿದ್ದಿದೆ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ರುದ್ರೇಶ್ ಸ್ಕೂಟರ್ ಇಳಿದು ಬಂದು ಗುಂಡಿಗೆ ಬಗ್ಗಿ ನೋಡಿ, "ತಪ್ಪಾಯ್ತು ಯಜಮಾನ್ರೇ, ನಿಮ್ಮ ತಲೆ ಇನ್ನೂ ಗಟ್ಟಿ" ಎಂದ.

ಅಲ್ಲಿಗೆ ಮುಗಿಸಿಬಿಡಬಹುದಿತ್ತು. ಡಾಂಬರು ಹಾಕಿದವರು ಮೋರಿಕಲ್ಲನ್ನು ಸರಿಸಿದ್ದರು ಎಂದು ಒಂದು ಮಾತು ಬಿಟ್ಟಿದ್ದರೆ ಎಲ್ಲರೂ ಹೌದೌದು ಎನ್ನುತ್ತಿದ್ದರು. ಭದ್ರಾವತಿಯ ಸಂಗತಿ ಬಲ್ಲವರು ಕಲ್ಲಮ್ಮ ಒಬ್ಬರೇ, ಅವರು ಬಾಯಿ ಬಿಡುವವರಲ್ಲ. ಶಿವಯೋಗಪ್ಪನವರು ಕೋಟಿನ ಮಣ್ಣು ಕೊಡವಿಕೊಂಡು, ಸಭೆಯಲ್ಲಿ ಮಾತಾಡುವ ದನಿಯಲ್ಲಿಯೇ ಹೇಳಿದರು.

"ತಲೆ ಗಟ್ಟಿ ಇದೆ, ಕಾಲು ಗಿಡ್ಡ ಆಗಿದೆ. ನನ್ನ ಹೆಜ್ಜೆ ಮೊದಲಿನಷ್ಟಿಲ್ಲ ಕಣಪ್ಪ. ನಿನ್ನೆ ಭದ್ರಾವತೀಲಿ ಅಳೆದು ಬಂದೆ. ಆ ಮೂರು ಹೊಂಡ ನನ್ನ ತಪ್ಪು."

ಆಮೇಲೆ ಗುಂಪಿನಲ್ಲಿದ್ದ ವಿದ್ಯಾಶ್ರೀಯವರ ಕಡೆ ತಿರುಗಿದರು. "ಮೇಡಂ, ಒಂದು ಟೇಪ್ ತನ್ನಿ. ಹನ್ನೊಂದನ್ನೂ ಬರೆದಿಟ್ಕೊಳ್ಳಿ. ನಾಳೆ ಇದು ಇನ್ನೂ ಗಿಡ್ಡ ಆಗುತ್ತೆ."

ಆ ವಾರವೆಲ್ಲ ಅವರು ಮುಂದೆ, ವಿದ್ಯಾಶ್ರೀ ಟೇಪ್ ಹಿಡಿದು ಹಿಂದೆ. ಈಗ ಸಂಘದ ಕೋಣೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ನಕ್ಷೆಯಿದೆ. ಹನ್ನೊಂದು ವಾಲ್ವು, ಅಡಿ ಇಂಚುಗಳ ಸಮೇತ. ಅದರ ಕೆಳಗೆ, ಅವರೇ ಹಟ ಹಿಡಿದು ಬರೆಸಿದ ಒಂದು ಸಾಲು: ಶಿವಯೋಗಪ್ಪನ ಹೆಜ್ಜೆ, ಹಳೆಯದು ಎರಡೂವರೆ ಅಡಿ, ಈಗಿನದು ಎರಡು ಅಡಿ ಒಂದು ಇಂಚು. ನೀರಿನ ಮಾತು ಬಂದರೆ ಈಗ ತಲೆಗಳು ಗೋಡೆಯ ಕಡೆ ತಿರುಗುತ್ತವೆ; ತಿರುಗಿದ ಮೇಲೆ, ಅಭ್ಯಾಸಬಲದಿಂದ, ಬಾಗಿಲ ಕಡೆಗೂ ಒಮ್ಮೆ ತಿರುಗುತ್ತವೆ. ಅವರು ಇಂದಿಗೂ ತಲೆ ತಗ್ಗಿಸಿ, ಕೈ ಹಿಂದೆ ಕಟ್ಟಿ ಎಣಿಸುತ್ತಲೇ ನಡೆಯುತ್ತಾರೆ. ನಾವು ಇಂದಿಗೂ ಮಾತನಾಡಿಸುವುದಿಲ್ಲ.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಪುಸ್ತಕ ನೋಡಿ ಕಲಿಯದೆ, ತಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡು, ಊರಿನ ಕೆಳಗಿರುವುದನ್ನು ಊರಿನ ಪರವಾಗಿ ನೆನಪಿಟ್ಟುಕೊಂಡವರು. ಅವರಿಗೆ ಗರ್ವವಿರುತ್ತದೆ, ಇರಲೇಬೇಕು. ಸಂಬಳವಿಲ್ಲದ ಕೆಲಸವನ್ನು ಇಪ್ಪತ್ತು ವರ್ಷ ಎಳೆದುಕೊಂಡು ಹೋಗುವ ಎತ್ತು ಅದೊಂದೇ. ಲೆಕ್ಕ ತಪ್ಪಿದ ದಿನ ಅವರಲ್ಲೂ ಹೆಚ್ಚಿನವರು ನೆಲವನ್ನು ಬಯ್ಯುತ್ತಾರೆ. ಎಲ್ಲೋ ಒಬ್ಬರು ಮಾತ್ರ ಕೋಟು ತೊಟ್ಟು, ಬಸ್ಸು ಹತ್ತಿ, ತಾವು ಮೊದಲು ನಡೆಯಲು ಕಲಿತ ಜಾಗಕ್ಕೆ ಹೋಗಿ ತಮ್ಮನ್ನೇ ಅಳೆದುಕೊಂಡು ಬರುತ್ತಾರೆ. ನಮ್ಮ ನಲ್ಲಿಗಳಲ್ಲಿ ತಿಳಿನೀರು ಬರುತ್ತಿರುವುದು ಅಂಥವರಿಂದ.