ಹನುಮೇಶನ ನೂರಿಪ್ಪತ್ತು

ಸುಧಾರಾಣಿಯ ಅಕ್ಷರ ಚೆಂದವಾಗಿತ್ತು. ಅವಳ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಹೊಸಪೇಟೆಯ ಆ ಕಾಲೇಜಿನ ಲ್ಯಾಬಿನಲ್ಲಿ ಅರ್ಧಕ್ಕರ್ಧ ಕಂಪ್ಯೂಟರುಗಳು ಬಟ್ಟೆ ಹೊದ್ದು ಮಲಗಿದ್ದವು. ಉಳಿದವುಗಳ ಮುಂದೆ ನಾಲ್ಕು ನಾಲ್ಕು ಮಂದಿ, ಕುರ್ಚಿ ಮಾತ್ರ ಒಂದೇ. ಬಿಸಿಎ ತರಗತಿಯ ಮೊದಲ ದಿನವೇ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹನುಮೇಶ್ ಹೋಗಿ ಸುಧಾರಾಣಿಯ ಗುಂಪಿನ ಕುರ್ಚಿಯಲ್ಲಿ ಕೂತುಬಿಟ್ಟ. ಅವನ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು, ಬೆರಳುಗಳು ಓಡುತ್ತಿದ್ದವು.

"ನೀ ಬರಿ, ನಾ ಹೊಡಿತೀನಿ. ಜಲ್ದಿ ಮುಗಿತೈತಿ," ಎಂದ.

ಎಮ್ಮಿಗನೂರಿನ ಕನ್ನಡ ಶಾಲೆಯಿಂದ ಬಂದ ಸುಧಾರಾಣಿ ಕೀಬೋರ್ಡನ್ನು ಹತ್ತಿರದಿಂದ ನೋಡಿದ್ದೇ ಅಂದು. ಅವನ ಮಾತು ಅವಳಿಗೆ ಉಪಕಾರದಂತೆ ಕಂಡಿತು. ಎಂಥ ಉಪಕಾರ!

ಅವನು ಹೊಡೆದ, ಇವಳು ಬರೆದಳು. ಪ್ರತಿ ಪ್ರೋಗ್ರಾಮನ್ನೂ ರೆಕಾರ್ಡ್ ಪುಸ್ತಕದಲ್ಲಿ ಕೈಯಿಂದ ಬರೆದು, ಅಂಚಿಗೆ ಗೆರೆ ಎಳೆದು, ಕೆಳಗೆ ಅದರ ಔಟ್‌ಪುಟ್ ಬರೆದು ಸಹಿ ಹಾಕಿಸಿಕೊಳ್ಳಬೇಕಿತ್ತು. ತನ್ನದು ಮುಗಿಸಿ ಹನುಮೇಶನ ರೆಕಾರ್ಡನ್ನೂ ಅವಳೇ ಬರೆದಳು, ಆಮೇಲೆ ಅವನ ಗೆಳೆಯ ಪರಶುರಾಮನದನ್ನೂ. ಗುಂಪಿನ ನಾಲ್ಕನೆಯವಳಾದ ಸ್ಫೂರ್ತಿ ಮಾತ್ರ ತನ್ನದನ್ನು ತಾನೇ ಗೀಚಿಕೊಳ್ಳುತ್ತಿದ್ದಳು. "ರೆಕಾರ್ಡ್ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಲೆಕ್ಚರರ್ ಬಸವರಾಜ್ ಸುಧಾರಾಣಿ ಬರೆದ ಮೂರೂ ಪುಸ್ತಕಗಳನ್ನು ಎತ್ತಿ ತೋರಿಸಿದರು. ಮೂರರಲ್ಲೂ ಒಂದೇ ಕೈಬರಹವಿರುವುದು ಆ ಮನುಷ್ಯನ ಕಣ್ಣಿಗೆ ಬೀಳಲಿಲ್ಲ. ಬೀಳಬೇಕೆಂಬ ಮನಸ್ಸೂ ಇರಲಿಲ್ಲ.

ಕಾಲೇಜಿನ ಒಳಪರೀಕ್ಷೆಯ ದಿನ ಮಾತ್ರ ಸರದಿಯ ಮೇಲೆ ಒಬ್ಬರಿಗೊಂದು ಕಂಪ್ಯೂಟರ್. ಸುಧಾರಾಣಿಯ ಪಾಲಿಗೆ ಫ್ಯಾಕ್ಟೋರಿಯಲ್ ಬಂತು. ಒಂದರಿಂದ ಹಿಡಿದು ಕೊಟ್ಟ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವ ಪ್ರೋಗ್ರಾಮ್. ಅವಳಿಗೆ ಅದು ಅಲ್ಪವಿರಾಮ ಸಮೇತ ಬಾಯಿಪಾಠವಿತ್ತು. ಹಾಳೆಯ ಮೇಲೆ ಸರಸರ ಬರೆದಳು, ಕೆಳಗೆ ಔಟ್‌ಪುಟ್ಟನ್ನೂ ಬರೆದಳು: ಸಂಖ್ಯೆ ಐದು, ಉತ್ತರ ಹನುಮೇಶ್ ಓಡಿಸಿದಾಗ ಬಂದಿದ್ದ ಅದೇ ನೂರಿಪ್ಪತ್ತು. ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಬಾಗಿದ ಬ್ರಾಕೆಟ್ ಎಲ್ಲಿದೆ ಎಂದು ಹುಡುಕಿದಳು. ಅದರ ಚಿತ್ರವಿದ್ದ ಗುಂಡಿ ಒತ್ತಿದರೆ ಚೌಕ ಬ್ರಾಕೆಟ್ ಬಂತು. ಮತ್ತೆ ಒತ್ತಿದಳು, ಮತ್ತೆ ಅದೇ.

ಬಸವರಾಜ್ ಬಂದು ಅವಳ ಹಾಳೆ ಎತ್ತಿಕೊಂಡರು. "ಪ್ರೋಗ್ರಾಮ ಇನ್ನೂ ಓಡಿಲ್ಲ, ಔಟ್‌ಪುಟ್ ಹ್ಯಾಂಗ ಬಂತಮ್ಮ? ಕನಸಿನಾಗ ಬಂತೇನು?"

ಲ್ಯಾಬ್ ಗೊಳ್ಳೆಂದು ನಕ್ಕಿತು. ಹನುಮೇಶನೂ ನಕ್ಕ.

ಸಂಜೆ ಊರಿಗೆ ಹೋಗುವ ಕಂಪ್ಲಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ಹನುಮೇಶನ ಮೇಲೆ, ಆ ಸರ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿಕೆಗೆ ಉಬ್ಬಿಹೋದ ತನ್ನ ಮೇಲೆ. ಮುಂದಿನ ತಿಂಗಳು ವಿಶ್ವವಿದ್ಯಾಲಯದ ಪರೀಕ್ಷೆ. ಅದರಲ್ಲೂ ಫೇಲಾದರೆ "ಸಾಕು ಬಿಡು" ಎಂದು ಓದು ಬಿಡಿಸಲು ಅಪ್ಪ ಕಾಳಪ್ಪ ಕಾದೇ ಕೂತಿದ್ದ. ಅವ್ವ ಭೀಮವ್ವ ಮಾತ್ರ ಭತ್ತದ ನಾಟಿಗೆ ಹೋದಲ್ಲೆಲ್ಲ "ನನ್ನ ಮಗಳು ಕಂಪ್ಯೂಟರ್ ಓದ್ತಾಳ" ಎಂದು ಹೇಳಿಕೊಂಡು ಬರುತ್ತಿದ್ದಳು. ಓದುತ್ತಿದ್ದದ್ದು ನಿಜ. ಮುಟ್ಟಿರಲಿಲ್ಲ, ಅಷ್ಟೇ.

ಮುಂದಿನ ಲ್ಯಾಬಿಗೆ ಅವಳು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಿಡಿದಳು. ಹನುಮೇಶ್ ಬಂದವನೇ ತನ್ನ ರೆಕಾರ್ಡನ್ನು ಅವಳ ತೊಡೆಯ ಮೇಲೆ ಹಾಕಿದ.

"ಏಳು ಸುಧಾ, ನಾ ಹೊಡಿತೀನಿ."

"ಏಳಂಗಿಲ್ಲ."

"ನೀ ಕುಂತ್ರ ಸಂಜಿತನಕ ಮುಗಿಯಂಗಿಲ್ಲಲೇ!"

"ಮುಗೀದಿದ್ರ ಮುಗೀಲಿಲ್ಲ. ಇಷ್ಟು ದಿನ ನಿಂದು ಮುಗಿಸಿಕೊಟ್ಟೀನಲ್ಲ!"

ಬಸವರಾಜ್ ಓಡಿಬಂದರು. "ಏನಮ್ಮ ಗಲಾಟಿ? ಅವಂಗ ಬರತೈತಿ, ಅವ ಮಾಡ್ಲಿ. ಉಳದೋರ ಟೈಮ್ ಹಾಳು ಮಾಡಬ್ಯಾಡ."

"ಅವಂಗ ಬರತೈತಿ ಸರ್. ಬರಲಾರದ ನಾ ಯಾವಾಗ ಕಲೀಲಿ? ಮೂರು ರೆಕಾರ್ಡಿನಾಗೂ ನನ್ನ ಅಕ್ಷರನ ಐತಿ, ನೀವು ನೋಡೇ ಸಹಿ ಹಾಕೀರಿ. ನಗೂ ಮುಂದ ಅದು ನೆನಪಾಗಲಿಲ್ಲೇನ್ರಿ?"

ಬಸವರಾಜ್ ಮುಖ ಕೆಂಪಗೆ ಮಾಡಿಕೊಂಡು ಆಚೆ ಸರಿದರು.

ಪರೀಕ್ಷೆಯಲ್ಲಿ ಕೈಕೊಟ್ಟ ಫ್ಯಾಕ್ಟೋರಿಯಲ್ಲನ್ನೇ ಸುಧಾರಾಣಿ ಒಂದೊಂದೇ ಗುಂಡಿ ಹುಡುಕಿ ಹೊಡೆಯತೊಡಗಿದಳು. "ಶಿಫ್ಟ್ ಹಿಡಕೊಂಡು ಒತ್ತಬೇಕಂತ," ಎಂದಳು ಸ್ಫೂರ್ತಿ ಮೆಲ್ಲಗೆ. "ನಂಗೂ ಪರೀಕ್ಷಾದಾಗ ಗೊತ್ತಾತು." ಬಾಗಿದ ಬ್ರಾಕೆಟ್ ಬಂತು! ಪರದೆಯ ತುಂಬ ತಪ್ಪುಗಳ ಸಾಲು ಬಿದ್ದಾಗ ಹನುಮೇಶ್ ಕಿಸಕ್ಕೆಂದ. ಅವಳು ತಿರುಗಿ ನೋಡಲಿಲ್ಲ. ಒಂದೊಂದನ್ನೇ ಓದಿ ತಿದ್ದಿದಳು. ಕೊನೆಗೂ ಪ್ರೋಗ್ರಾಮ್ ಓಡಿತು. ಐದು ಕೊಟ್ಟಳು, ಉತ್ತರ ಸೊನ್ನೆ.

ಹಾಳಾದ ಸೊನ್ನೆ! ತಾನು ಹೊಡೆದದ್ದನ್ನು ಮೇಲಿನಿಂದ ಮತ್ತೆ ಓದಿದಳು. ರೆಕಾರ್ಡಿನ ಹಿಂದಿನ ಪುಟದ ಕೂಡುವ ಪ್ರೋಗ್ರಾಮಿನಲ್ಲಿ ಲೆಕ್ಕ ಸೊನ್ನೆಯಿಂದ ಶುರುವಾಗುತ್ತಿತ್ತು. ಬಾಯಿಪಾಠದಲ್ಲಿ ಎರಡೂ ಕಲಸಿಹೋಗಿ ಇಲ್ಲಿಯೂ ಸೊನ್ನೆಯನ್ನೇ ಹಾಕಿದ್ದಳು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ? ಇಲ್ಲಿ ಒಂದರಿಂದಲೇ ಶುರುವಾಗಬೇಕು. ಆ ಒಂದನ್ನು ಅವಳು ಮೂರು ಪುಸ್ತಕಗಳಲ್ಲಿ ದುಂಡಗೆ ಬರೆದಿದ್ದಳು. ಅದು ಯಾಕೆ ಅಲ್ಲಿದೆ ಎಂದು ಅವಳೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ತಿದ್ದಿದಳು. ಈ ಸಲ ಐದು ಕೊಡಲಿಲ್ಲ, ಏಳು ಕೊಟ್ಟಳು. ಪರದೆಯ ಮೇಲೆ ಐದು ಸಾವಿರದ ನಲವತ್ತು ಬಂತು. ಹೌದೋ ಅಲ್ಲವೋ ಎಂದು ಬೆರಳು ಮಡಚಿ ತಾನೇ ಗುಣಿಸಿ ನೋಡಿದಳು. ಹೌದು.

ಬಸವರಾಜ್ ಬಗ್ಗಿ ನೋಡಿದರು. "ಮ್ಯಾನುವಲ್‌ನಾಗ ನೂರಿಪ್ಪತ್ತು ಐತಲ್ಲ. ರೆಕಾರ್ಡಿನಾಗ ಅದ ಇರ್ಲಿ. ಎಲ್ಲಾರದೂ ಒಂದೇ ಇರಬೇಕು."

"ಆ ನೂರಿಪ್ಪತ್ತು ಹನುಮೇಶಂದು ಸರ್. ಇದು ನಂದು."

ತೊಡೆಯ ಮೇಲಿದ್ದ ಹನುಮೇಶನ ರೆಕಾರ್ಡನ್ನು ಅವನ ಕೈಗೆ ತುರುಕಿದಳು. "ಬರಕೋ," ಎಂದಳು.

ಹನುಮೇಶ್ ಅಂಗಿಯ ಜೇಬು ತಡಕಿದ, ಪ್ಯಾಂಟಿನ ಜೇಬು ತಡಕಿದ. ಅವನ ಹತ್ತಿರ ಪೆನ್ನೇ ಇರಲಿಲ್ಲ.