ಮಳೆ ಮರೆತ ಮಂಗಳ

ಅಣ್ಣ ಚೀಟಿ ಕಿತ್ತುಕೊಳ್ಳಲು ಕೈ ಚಾಚಿದ. ತಂಗಿ ಮುಷ್ಟಿ ಬಿಗಿಮಾಡಿದಳು.

“ಕೊಡಮ್ಮ, ನಾನೇ ಓದ್ತೀನಿ. ನಿನ್ನ ನಾಲಿಗೆ ಗೊತ್ತಲ್ಲ. ಇವತ್ತೊಂದಿನ ನಗೆಪಾಟಲು ಬೇಡ.”

“ನಾ... ನಾನೇ,” ಎಂದಳು.

ಸ್ಮಶಾನದ ಪಕ್ಕದ ಕೋಣೆ. ನಲವತ್ತು ಕುರ್ಚಿ, ಎದುರಿಗೆ ಅಪ್ಪನ ಶವ. ತಾರಾಲಯದ ಕತ್ತಲಲ್ಲಿ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ನಡೆಸಿದ ಮನುಷ್ಯ. ಅಲ್ಲಿ ಗ್ರಹಗಳ ಬಗ್ಗೆ ಹೇಳುತ್ತಿದ್ದ ಮಾತೆಲ್ಲ ಬರೆದವನು ಅವನೇ, ಮೈಕಿನಲ್ಲಿ ಹೇಳುವವರು ಮಾತ್ರ ನಿರೂಪಕರು. ಅಪ್ಪನಿಗೆ ಉಗ್ಗು. ನಾಲಿಗೆ ಒಂದಕ್ಷರಕ್ಕೆ ಅಂಟಿತೆಂದರೆ ಬಿಡಿಸಲು ದೇವರೇ ಬಂದರೂ ಆಗದು. ಅದಕ್ಕೇ ಒಂದೊಂದು ಗ್ರಹದ ಮಾತಿಗೂ ಒಂದೊಂದೇ ಅಕ್ಷರ ಹಚ್ಚಿದ್ದ, ಮಂಗಳಕ್ಕೆ ‘ಮ’. ಹೇಗೂ ಮತ್ತೆ ಮತ್ತೆ ಬರುವ ಅಕ್ಷರ, ಮರ್ಯಾದೆಯಿಂದಲೇ ಬರಲಿ ಎಂದು. ಆ ನಾಲಿಗೆಯನ್ನು ಮಗಳಿಗೂ ಕೊಟ್ಟು ಹೋದ.

*

ಅವಳಿಗಾಗ ಹತ್ತು ವರ್ಷ. ಶಾಲೆಯವರು ತಾರಾಲಯಕ್ಕೆ ಕರೆದೊಯ್ದ ದಿನವೇ ನಿರೂಪಕರ ಗಂಟಲು ಕಟ್ಟಬೇಕೇ! ಕತ್ತಲಲ್ಲಿ ಅಪ್ಪನ ದನಿ ಕೇಳಿತು: “ಮ... ಮ... ಮಳೆ ಮ... ಮರೆತ...”

ಮಕ್ಕಳು ನಕ್ಕರು. ಅದು ತನ್ನಪ್ಪನೆಂದು ಯಾರಿಗೂ ತಿಳಿಯಬಾರದೆಂದು ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಸಂಜೆ ಅಪ್ಪ ಬೂಟು ಬಿಚ್ಚುತ್ತ, “ಹೋ... ಹೋಗ್ಲಿ ಬಿಡು ಮಗಳೇ. ಕ... ಕತ್ತಲಲ್ಲಿ ಯಾರು ನಕ್ರೋ ಯಾರಿಗ್ಗೊತ್ತು?” ಎಂದ.

ಅವಳು ನಗುವಿನ ಮಾತೇ ಎತ್ತಿರಲಿಲ್ಲ. ಆ ಮಾತು ಅಂದಿನಿಂದ ಮುಳ್ಳಿನಂತೆ ಉಳಿಯಿತು. ಅಪ್ಪನಿಗೆ ಗೊತ್ತಾಗಿತ್ತೇ? ಕೇಳುವ ಧೈರ್ಯ ಬರುವಷ್ಟರಲ್ಲಿ ಅಪ್ಪನೇ ಇಲ್ಲ.

*

ಈಗ ಮುದುಕರಾಗಿದ್ದ ಆ ನಿರೂಪಕರು ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಅವಳು ಅವರನ್ನೇ ಕೇಳಿಬಿಟ್ಟಳು: “ಆ... ಆವತ್ತು ನಾ... ನಾನು ನಕ್ಕಿದ್ದು ಅಪ್ಪನಿಗೆ ಗೊತ್ತಿತ್ತಾ?”

ಅವರು ಕೋಲನ್ನು ಕುರ್ಚಿಗೆ ಒರಗಿಸಿದರು. “ಮಗಳ ನಗು ಗೊತ್ತಾಗಲ್ವೇನಮ್ಮ? ನಿನಗೆ ಹೇಳಬೇಡಿ ಅಂತ ನನ್ನಿಂದ ಮಾತು ತಗೊಂಡಿದ್ದ. ಆಮೇಲೆ ಮೈಕು ಮುಟ್ಟಲೇ ಇಲ್ಲ.”

ಅವಳು ಎದ್ದು ಅಪ್ಪನ ತಲೆಯ ಬಳಿ ಹೋಗಿ ನಿಂತು, ಅಪ್ಪನ ಸಾಲುಗಳಿದ್ದ ಮುದುಡಿದ ಚೀಟಿ ಬಿಡಿಸಿದಳು.

“ಮ... ಮ... ಮಳೆ ಮರೆತ ಮಂಗಳ. ಮೌ... ಮೌನ ಮೆತ್ತಿದ ಮ... ಮಂಗಳ.”

ಅಣ್ಣನ ಪುಟ್ಟ ಮಗಳು ಕಿಸಕ್ಕನೆ ನಕ್ಕಳು. ಅಣ್ಣ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದ.

“ಬಿ... ಬಿಡಣ್ಣ. ನಗ್ಲಿ.”

ಅಣ್ಣ ಕೈ ತೆಗೆದ. ಇನ್ನೊಂದು ಸಾಲು ಉಳಿದಿತ್ತು: ಮನುಷ್ಯ ಮುಟ್ಟದ ಮಂಗಳ. ‘ಮ’ ಎನ್ನಲು ಅವಳ ತುಟಿ ಮುಚ್ಚಿಕೊಂಡಿತು, ತೆರೆಯಲಿಲ್ಲ. ಕುರ್ಚಿಯ ತುದಿಗೆ ಬಂದ ಮಗು ಅತ್ತೆಯ ಬಾಯನ್ನೇ ನೋಡುತ್ತ, ತನ್ನ ತುಟಿಯನ್ನೂ ಹಾಗೇ ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಿತ್ತು.