ಕಾದ ಮೈಗೆ ತಣ್ಣೀರು

ಎಲೊಯ್ ದ್ರಾಕ್ಷಿ ಗೊಂಚಲು ಬಿಟ್ಟು ಬರೀ ಎಲೆಗಳನ್ನು ಕತ್ತರಿಸಿ ಪೆಟ್ಟಿಗೆಗೆ ತುಂಬತೊಡಗಿದಾಗಲೇ ಇವನ ತಲೆ ನೆಟ್ಟಗಿಲ್ಲ ಅಂತ ನನಗೆ ಗೊತ್ತಾಯಿತು.

ಅವನು ನನ್ನ ತಂಗಿಯ ಗಂಡ. ಒಂದೇ ಸಾಲಿನ ಆಚೆ ಈಚೆ ಕೊಯ್ಯುತ್ತಿದ್ದೆವು. ಅರ್ವಿನ್ ಅನ್ನೋ ಊರಿನ ಜುಲೈ, ಮಧ್ಯಾಹ್ನ ಒಂದು ಗಂಟೆ, ನೂರಾ ಎಂಟು ಡಿಗ್ರಿ ಫ್ಯಾರನ್‌ಹೀಟ್. ಬಳ್ಳಿಗಳ ಸಂದಿಯಲ್ಲಿ ಗಾಳಿ ಸತ್ತು ಬಿದ್ದಿತ್ತು. ಬಿಸಿಲು ಚರ್ಮಕ್ಕೆ ತಾಗದಿರಲೆಂದು ಅವನ ಮೈಮೇಲೆ ಎರಡು ಅಂಗಿ, ಅದರ ಮೇಲೊಂದು ದಪ್ಪ ಸ್ವೆಟರ್. ನೀರಿಗೆ ಹೋದರೆ ಪೆಟ್ಟಿಗೆ ಕಡಿಮೆಯಾಗಿ ಕೂಲಿ ಇಳಿಯುತ್ತದೆಂದು ಬೆಳಗ್ಗಿನಿಂದ ಒಂದೇ ಲೋಟ ಕುಡಿದಿದ್ದ.

"ಏನಯ್ಯಾ ಮಾಡ್ತಿದೀಯ?" ಅಂದೆ.

ನಕ್ಕ. ಕುಡಿದವನ ನಗು. ಎದ್ದು ನಿಲ್ಲಲು ಹೋಗಿ ವಾಲಿದ, ತಂತಿ ಹಿಡಿದುಕೊಂಡು ಜಾರಿ ಕೂತ.

ಮೇಸ್ತ್ರಿ ನಬೋರ್ ಬಂದ. "ಏನಾಯ್ತೋ? ಚೆನ್ನಾಗಿದೀಯಾ?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದ.

"ಸೀ," ಅಂದ ಎಲೊಯ್.

"ಕೇಳಿಸ್ತೇನಮ್ಮ ಒತೀಲಿಯಾ? ಹೌದು ಅಂತಿದಾನೆ. ಹತ್ನಿಮಿಷ ಕೂತ್ಕೊಳ್ಲಿ. ನೀನು ನಿನ್ನ ಸಾಲು ನೋಡ್ಕೋ."

ನನಗೆ ಉರಿದುಹೋಯಿತು. ನಮ್ಮ ಗುಡ್ಡದ ಜನ ನಮ್ಮದೇ ಮಿಶ್ತೆಕ ಭಾಷೆ ಮಾತಾಡಿ ಬೆಳೆದವರು. ಇಲ್ಲಿಗೆ ಬಂದು ಮೊದಲು ಕಲಿಯುವ ಸ್ಪ್ಯಾನಿಷ್ ಅದೊಂದೇ: ಸೀ. ಹೌದು ಅಂದವನಿಗೆ ಕೆಲಸ, ಇಲ್ಲ ಅಂದವನಿಗೆ ಮನೆ ದಾರಿ. ಎಲೊಯ್ ಹನ್ನೊಂದು ವರ್ಷ ಆ ಒಂದು ಮಾತಿನ ಮೇಲೆ ಬದುಕಿದ್ದಾನೆ. ಹನ್ನೊಂದು ವರ್ಷದಿಂದ ಮೇಸ್ತ್ರಿ ಅದನ್ನೇ ಉತ್ತರ ಅಂದುಕೊಂಡಿದ್ದಾನೆ.

"ಇಲ್ನೋಡು ಮೇಸ್ತ್ರಿ," ಅಂದು ಸ್ಪ್ಯಾನಿಷ್‌ನಲ್ಲೇ ಕೇಳಿದೆ. "ಎಲೊಯ್, ನೀನು ಕತ್ತೆನಾ?"

"ಸೀ."

"ಈ ಮೇಸ್ತ್ರಿ ನಿನ್ನ ಹೆಂಡ್ತೀನಾ?"

"ಸೀ."

ಸಾಲಿನಾಚೆ ಯಾರೋ ಕಿಸಕ್ಕೆಂದರು.

"ನೀನು ಸತ್ತಿದೀಯಾ?"

"ಸೀ."

ನಗು ನಿಂತಿತು. ನಮ್ಮ ಭಾಷೆಗೆ ಹೊರಳಿ, "ನಿನ್ನ ಮಗಳ ಹೆಸರೇನೋ?" ಅಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಅವಳಿಗೆ ಮೇವು ಹಾಕ್ದೆ," ಅಂದ.

ಕುತ್ತಿಗೆ ಮುಟ್ಟಿದೆ. ಬೆವರಿತ್ತು, ಆದರೂ ಹೆಂಚಿನಂತೆ ಕಾದಿತ್ತು. ಬೆವರು ನಿಂತರೆ ಮಾತ್ರ ಅಪಾಯ ಅಂತ ಕಾಯುತ್ತಾ ಕೂರುವವರು ಹೆಣ ಕಾಯುತ್ತಾರೆ. ಬಿಸಿಲು ತಲೆಗೇರಿ ಮಾತು ತಪ್ಪಿತೆಂದರೆ ಆಮೇಲೆ ಇರುವುದು ನಿಮಿಷಗಳ ಲೆಕ್ಕ.

"ಆಂಬುಲೆನ್ಸ್ ಕರಿ."

"ಕಂಪನಿಯವ್ರು ನನ್ನ ಚರ್ಮ ಸುಲೀತಾರೆ. ನನ್ನ ಗಾಡೀಲೇ ಮನೆಗೆ ಬಿಡ್ತೀನಿ, ಸುಮ್ನಿರು."

"ಮನೆಗಲ್ಲ, ಮಣ್ಣಿಗೆ ಬಿಡ್ತೀಯ!"

ನಾನೇ ಒಂಬತ್ತು-ಒಂದು-ಒಂದಕ್ಕೆ ಫೋನ್ ಮಾಡಿದೆ. ಯಾವ ಗೇಟು, ಎಷ್ಟನೇ ಸಾಲು, ಎಲ್ಲ ಹೇಳಿದೆ. ನಾಲ್ವರು ಸೇರಿ ಅವನನ್ನು ನೆರಳಿನ ಬಟ್ಟೆಯ ಕೆಳಗೆ ಎಳೆದರು. ಸ್ವೆಟರ್, ಅಂಗಿ, ಬೂಟು ಕಿತ್ತುಹಾಕಿ ನೀರಿನ ಡ್ರಮ್ಮಿನ ಮುಚ್ಚಳ ತೆಗೆದೆ.

ಆಗ ನನ್ನ ರಟ್ಟೆ ಹಿಡಿದದ್ದು ಮೇಸ್ತ್ರಿಯಲ್ಲ, ನಮ್ಮ ಚೋನಾ ಅತ್ತೆ. ಊರಲ್ಲಿ ಸೂಲಗಿತ್ತಿಯಾಗಿದ್ದವಳು, ತಂಡಕ್ಕೆಲ್ಲ ದೊಡ್ಡವಳು.

"ಕಾದ ಮೈಗೆ ತಣ್ಣೀರು ಹಾಕ್ತೀಯೇನೇ ಪಾಪಿ? ನರ ಸೆಟ್ಕೊಳ್ಳುತ್ತೆ! ಹೊದಿಸೇ, ಹೊದಿಸು!" ಎನ್ನುತ್ತಾ ತನ್ನ ಶಾಲನ್ನೇ ಅವನ ಮೇಲೆ ಹೊದಿಸಿದಳು.

ನಾನದನ್ನು ಎಳೆದು ಬಿಸಾಡಿದೆ. ಅವಳು ಮತ್ತೆ ತಂದಳು. ಸುತ್ತ ನಿಂತವರೆಲ್ಲ ಅವಳ ಕಡೆಗೇ. ಮಕ್ಕಳಾಗಿದ್ದಾಗಿನಿಂದ ಎಲ್ಲರೂ ಕೇಳಿದ್ದು ಅದೇ ಮಾತು ತಾನೆ.

"ನನ್ನಣ್ಣ ಹಾಗೇ ಸತ್ತ ಕಣೇ. ಹೊಲದಿಂದ ಬಂದೋನು ಹೊಳೇಲಿ ಮುಳುಗಿದ, ಮೇಲೇಳ್ಲಿಲ್ಲ."

"ಬಿಸಿಲಲ್ಲಿ ಬೆಂದು ಸತ್ತ ಅತ್ತೆ! ಹೊಳೆ ಮೇಲೆ ಯಾಕೆ ಗೂಬೆ ಕೂರಿಸ್ತೀಯ?"

ಬಕೆಟ್ ಎತ್ತಿ ಸುರಿದೇಬಿಟ್ಟೆ. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಡ್ರಮ್ಮಿನಲ್ಲಿದ್ದ ಮಂಜುಗಡ್ಡೆ ಒತ್ತಿದೆ. "ರಟ್ಟು ತಗೊಂಡು ಗಾಳಿ ಬೀಸ್ರೋ, ಕೈ ಕಟ್ಕೊಂಡು ನಿಲ್ಬೇಡಿ!" ಯಾರೋ ಪುಣ್ಯಾತ್ಮ ಅವನ ಬಾಯಿಗೆ ಬಾಟಲಿ ಹಿಡಿಯಲು ಬಂದ. "ಬಾಯಿಗೆ ಬೇಡ! ಎಚ್ಚರ ಇಲ್ದೋನಿಗೆ ಶ್ವಾಸಕ್ಕೆ ಹೋಗುತ್ತೆ!"

ಅಷ್ಟರಲ್ಲಿ ಎಲೊಯ್‌ನ ಕೈಕಾಲು ಸೆಟೆದು ಅದುರತೊಡಗಿದವು.

"ನೋಡಿದ್ಯಾ! ನರ!" ಎಂದು ಅತ್ತೆ ಕಿರುಚಿದಳು.

ನನ್ನ ಕೈ ನಿಂತಿತು. ಸುಳ್ಳು ಯಾಕೆ ಹೇಳಲಿ. ಅವಳ ಮಾತೇ ನಿಜವಾಗಿ, ತಂಗಿಯ ಗಂಡನನ್ನು ನನ್ನ ಕೈಯಾರೆ ಕೊಂದೆನೇನೋ ಅನ್ನಿಸಿತು. ಮತ್ತೆ ಅವನ ಎದೆ ಮುಟ್ಟಿ ನೋಡಿದೆ. ಇನ್ನೂ ಸುಡುತ್ತಿತ್ತು. ಸುಡುವುದು ನಿಲ್ಲುವ ತನಕ ನಿಲ್ಲಿಸಬಾರದು. ಅವನನ್ನು ಮಗ್ಗುಲಿಗೆ ಹೊರಳಿಸಿ ಸುರಿದೆ. ಇನ್ನೊಂದು ಬಕೆಟ್. ಇನ್ನೊಂದು.

ಅದುರುವುದು ನಿಂತ ಮೇಲೆ ಆಂಬುಲೆನ್ಸ್ ಬಂತು. "ನೀರು ಸುರಿದದ್ದು ಯಾರು?" ಎಂದು ಅದರಲ್ಲಿದ್ದ ಹುಡುಗಿ ಕೇಳಿದಳು. ಎಲ್ಲರೂ ಕಳ್ಳಿಯನ್ನು ತೋರಿಸುವ ಹಾಗೆ ನನ್ನ ಕಡೆ ಬೆರಳು ಮಾಡಿದರು.

"ಸುರೀತಾ ಇರಿ," ಅಂದಳು. "ನಾನು ಸ್ಟ್ರೆಚರ್ ಇಳಿಸ್ತೀನಿ."

ಎಲೊಯ್ ಬದುಕಿದ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಈ ಬೇಸಿಗೆ ಹೊಲದ ಮಾತೆತ್ತಬಾರದು ಅಂದರು ಡಾಕ್ಟರು. ತಂಗಿ ಆಸ್ಪತ್ರೆಯಿಂದ ಫೋನ್ ಮಾಡಿ ಮೊದಲು ಅತ್ತಳು, ಆಮೇಲೆ "ಅಷ್ಟು ತಣ್ಣಗಿನ ನೀರು ಯಾಕೆ ಹಾಕ್ದೆ?" ಅಂತ ನನ್ನನ್ನೇ ಬೈದಳು.

ಮರುದಿನ ಬೆಳಗ್ಗೆ ಮೇಸ್ತ್ರಿ ಒಂದು ಹಾಳೆ ತಂದು ಒಂದೇ ಓಟದಲ್ಲಿ ಓದಿದ. ಬಿಸಿಲಿನ ಕಾಯಿಲೆ, ಸ್ಪ್ಯಾನಿಷ್‌ನಲ್ಲಿ, ಒಂದೂವರೆ ನಿಮಿಷ. "ತಿಳೀತಾ?"

ಎಲ್ಲರೂ ಸೀ ಅನ್ನಲು ಬಾಯಿ ತೆರೆಯುವ ಮೊದಲೇ ಹಾಳೆ ಕಿತ್ತುಕೊಂಡೆ. "ತಿಳಿದಿಲ್ಲ. ನಾನು ಹೇಳ್ತೀನಿ, ನಮ್ಮ ಮಾತಲ್ಲಿ."

"ಕೆಲಸದ ಹೊತ್ತಮ್ಮ!"

"ನಿನ್ನೆ ಹೆಣದ ಹೊತ್ತಾಗಿತ್ತು ಮೇಸ್ತ್ರಿ. ಪಕ್ಕಕ್ಕೆ ನಿಂತ್ಕೋ."

ಇಪ್ಪತ್ತು ನಿಮಿಷ ಹೇಳಿದೆ. ತಲೆನೋವು, ವಾಕರಿಕೆ, ಕಾಲು ಹಿಡಿತ ಬಂದರೆ ನೆರಳಿಗೆ ಹೋಗಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಯಾರ ಅಪ್ಪಣೆಯೂ ಬೇಡ. ಮಾತು ತಪ್ಪಿದರೆ, ಕಾಲು ತೊಡರಿದರೆ, ಫೋನ್ ಮಾಡಿ, ಬಟ್ಟೆ ಬಿಚ್ಚಿ, ತಣ್ಣೀರು ಸುರಿಯಿರಿ. ಸುರಿಯಿರಿ. ಸುರಿಯಿರಿ. ಮೂರು ಸಲ ಹೇಳಿಸಿದೆ. ಚೋನಾ ಅತ್ತೆಯೂ ತುಟಿ ಬಿಗಿಹಿಡಿದು ಹೇಳಿದಳು.

ಸಾಲಿಗೆ ಹೋಗುವಾಗ ಪಕ್ಕಕ್ಕೆ ಬಂದು ನನ್ನ ಸೊಂಟ ತಿವಿದಳು.

"ಆದ್ರೂ ಪಾದಕ್ಕೆ ಮಾತ್ರ ತಣ್ಣೀರು ಬೇಡ ಕಣೇ."